ಬೇಚೆಸ್ಟರ್ ತಿರುವಿನ ಎರಡು ಸಿಳ್ಳೆ

ಬೇಚೆಸ್ಟರ್, ಬ್ರಾಂಕ್ಸ್
ಮಾರ್ಚ್ ೨೦, ೧೯೩೮

ಅಪ್ಪ,

ನಿಮ್ಮ ಕಾಗದ ಬಂತು. ‘ತಲುಪಿದೆ. ಗಣಿಯಲ್ಲಿ ಕೆಲಸ ಸಿಕ್ಕಿದೆ. ರಾತ್ರಿ ಹಿತ್ತಲ ಬಾಗಿಲು ಮರೆಯಬೇಡಿ.’ ಅಷ್ಟೇ. ಇಷ್ಟಕ್ಕೊಂದು ಅಂಚೆಚೀಟಿ ದಂಡ ಎಂದು ಅಮ್ಮ ಗೊಣಗಿದಳು. ಗೊಣಗುತ್ತಲೇ ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು ಒಲೆಯ ಮೇಲಿನ ಸಂತ ಅಂತೋನಿಯ ಪಟದ ಹಿಂದೆ ಸಿಕ್ಕಿಸಿದಳು. ಓದು ಬಾರದವಳಿಗೆ ಅದೇಕೆ ಬೇಕೋ ನನಗೆ ತಿಳಿಯದು.

ಇಲ್ಲಿ ಎಲ್ಲವೂ ಇದ್ದ ಹಾಗೇ ಇದೆ, ರೈಲೊಂದು ಇಲ್ಲ. ವೆಸ್ಟ್‌ಚೆಸ್ಟರ್ ರೈಲು ನಿಂತು ಮೂರು ತಿಂಗಳಾಗುತ್ತ ಬಂದರೂ ಸಂಜೆ ಆರಾದರೆ ಮನೆಯಲ್ಲಿ ಎಲ್ಲರ ಮಾತೂ ತಾನಾಗಿ ನಿಲ್ಲುತ್ತದೆ. ಎಲ್ಲರೂ ಅಂದರೆ ನಾವಿಬ್ಬರೇ. ನಾನು ಹುಟ್ಟುವ ಮೊದಲಿನಿಂದ ನೀವು ರೈಲು ಓಡಿಸುತ್ತ ಮನೆಯ ಹತ್ತಿರದ ಈ ತಿರುವಿನಲ್ಲಿ ಎರಡು ಸಿಳ್ಳೆ ಹಾಕುತ್ತಿದ್ದಿರಿ. ಆ ಸಿಳ್ಳೆ ಕೇಳಿ ಅಮ್ಮ ಕುದಿಯುವ ನೀರಿಗೆ ಪಾಸ್ತಾ ಹಾಕುತ್ತಿದ್ದಳು. ನೀವು ಡೈರ್ ಅವೆನ್ಯೂ ನಿಲ್ದಾಣದಲ್ಲಿ ರೈಲನ್ನು ಮುಂದಿನ ಚಾಲಕನಿಗೆ ಒಪ್ಪಿಸಿ ನಡೆದು ಬರುವ ಹೊತ್ತಿಗೆ ಅದು ಹದವಾಗಿ ಬೆಂದಿರುತ್ತಿತ್ತು. ಬೇರೆಯವರ ಮನೆಯಲ್ಲಿ ಗಡಿಯಾರ ನೋಡಿ ಅಡುಗೆ ಮಾಡುತ್ತಾರೆಂದು ನನಗೆ ಗೊತ್ತಾದದ್ದೇ ಶಾಲೆಗೆ ಸೇರಿದ ಮೇಲೆ.

ಕೊನೆಯ ದಿನದ ವಿಷಯ ಎತ್ತಬೇಡ ಎಂದು ಅಮ್ಮ ಕಣ್ಣು ಬಿಡುತ್ತಿದ್ದಾಳೆ. ಎತ್ತುತ್ತೇನೆ. ಅವತ್ತೂ ನೀವು ಎರಡು ಸಿಳ್ಳೆ ಹಾಕಿದಿರಿ, ಅವಳು ಪಾಸ್ತಾ ಹಾಕಿದಳು, ಆದರೆ ನೀವು ಇಳಿಯಲಿಲ್ಲ. ಕೊನೆಯ ರೈಲಿನವರೆಗೂ ನಾನೇ ಓಡಿಸುತ್ತೇನೆಂದು ಹಟ ಹಿಡಿದಿರಂತೆ. ಮನೆಗೆ ಬರುವಷ್ಟರಲ್ಲಿ ಪಾಸ್ತಾ ಅಂಟಿನ ಮುದ್ದೆಯಾಗಿತ್ತು. ಹೊಸ ವರ್ಷದ ಹಿಂದಿನ ರಾತ್ರಿ ಒಬ್ಬಳೇ ಕಾದು ಕೂತ ಅಮ್ಮ ಅಂದದ್ದು ಇಷ್ಟೇ: “ರೈಲು ಹೋಯ್ತು. ರೈಲು ಬಿಟ್ರೆ ನೀವು ಯಾರು, ಹೇಳಿ ನೋಡೋಣ.” ನೀವು ಉತ್ತರ ಕೊಡಲಿಲ್ಲ. ಎರಡು ತಿಂಗಳು ಉತ್ತರ ಕೊಡದೆ ಕೂತಿದ್ದು ಪೆಟ್ಟಿಗೆ ಕಟ್ಟಿದಿರಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಒಪ್ಪುತ್ತೇನೆ. ಆದರೆ ಒಂದು ಮಾತಿಗೆ ಪೆನ್ಸಿಲ್ವೇನಿಯಾದವರೆಗೆ ಹೋಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾವಾಗ ಬರುತ್ತೀರಿ ಎಂದು ಒಂದು ಸಾಲು ಬರೆಯಿರಿ. ಕೇಳುತ್ತಿರುವುದು ನಾನು, ಅಮ್ಮ ಅಲ್ಲ.

ನಿಮ್ಮ ಮಗಳು,
ಎರ್ಸಿಲಿಯಾ

*

ಪಿಟ್ಸ್‌ಟನ್, ಪೆನ್ಸಿಲ್ವೇನಿಯಾ
ಮೇ ೧, ೧೯೩೮

ಮಗಳೇ,

ಕಾಗದ ಉದ್ದ ಬರೆಯಲು ನಾನು ಪಾದ್ರಿಯಲ್ಲ. ಆದರೂ ಕೇಳಿದ್ದೀಯ, ಬರೆಯುತ್ತೇನೆ.

ಇಲ್ಲಿಯೂ ನಾನು ಓಡಿಸುವುದು ವಿದ್ಯುತ್ ಬಂಡಿಯನ್ನೇ. ತಲೆಯ ಮೇಲೆ ತಂತಿ, ಕೆಳಗೆ ಹಳಿ, ಹಿಂದೆ ಕಲ್ಲಿದ್ದಲಿನ ತೊಟ್ಟಿಗಳು. ಕಿಟಕಿ ಮಾತ್ರ ಇಲ್ಲ, ನೋಡಲು ಏನೂ ಇಲ್ಲದ್ದರಿಂದ ಅದರ ಕೊರತೆಯೂ ಇಲ್ಲ. ಸುರಂಗದ ಚಾವಣಿ ಎಷ್ಟು ತಗ್ಗು ಎಂದರೆ ದಿನವಿಡೀ ಪೂಜೆಗೆ ತಲೆ ಬಾಗಿಸಿದವನಂತೆ ಕೂತಿರಬೇಕು. ಇರುವುದು ನುನ್ಸಿಯಾ ಎಂಬ ವಿಧವೆಯ ಮನೆಯಲ್ಲಿ. ನಮ್ಮ ಸೀಮೆಯವಳೇ. ಅಡುಗೆ ಪರವಾಗಿಲ್ಲ. ಪಾಸ್ತಾ ಸ್ವಲ್ಪ ಹೆಚ್ಚು ಬೇಯಿಸುತ್ತಾಳೆ, ನಾನು ಏನೂ ಅನ್ನುವುದಿಲ್ಲ.

ಯಾವಾಗ ಬರುತ್ತೀರಿ ಅಂದೆಯಲ್ಲ. ಅಷ್ಟು ಒಳ್ಳೆಯ ನಾಲ್ಕು ಹಳಿಯ ದಾರಿಯನ್ನು ಯಾರೂ ಹುಲ್ಲು ಬೆಳೆಯಲು ಬಿಡುವುದಿಲ್ಲ. ಇವತ್ತಲ್ಲ ನಾಳೆ ಯಾರಾದರೂ ಕೊಳ್ಳುತ್ತಾರೆ, ಕೊಂಡವರಿಗೆ ಚಾಲಕರು ಬೇಕು. ಆ ತಿರುವಿನಲ್ಲಿ ಸಿಳ್ಳೆ ಹಾಕಿ ಆಮೇಲೆ ಮನೆಯೊಳಗೆ ಕಾಲಿಡುತ್ತೇನೆ, ಅಲ್ಲಿಯವರೆಗೆ ಇಲ್ಲ. ನಿನ್ನ ಅಮ್ಮ ಕೇಳಿದ ಪ್ರಶ್ನೆಗೆ ಅದೇ ಉತ್ತರ. ಅವಳಿಗೆ ಓದಿ ಹೇಳು.

ಅಂಜೂರದ ಗಿಡಕ್ಕೆ ಚಳಿಗೆಂದು ಸುತ್ತಿದ ಬಟ್ಟೆ ಇನ್ನೂ ಬಿಚ್ಚಿಲ್ಲದಿದ್ದರೆ ಈಗಲೇ ಬಿಚ್ಚು. ಮೇಲಿನ ಬಕೆಟ್ ತೆಗೆಯುವಾಗ ಒಳಗೆ ಕಣಜ ಇದ್ದಾವು, ಜೋಕೆ.

ನಿನ್ನ ಅಪ್ಪ,
ಡೊನಾಟೊ ಸ್ಕಾವೋನೆ

*

ಬೇಚೆಸ್ಟರ್
ನವೆಂಬರ್ ೧೩, ೧೯೩೮

ಅಪ್ಪ,

ಕಳೆದ ಭಾನುವಾರ ಅಂಜೂರದ ಗಿಡಕ್ಕೆ ಚಳಿಗಾಲದ ಬಟ್ಟೆ ತೊಡಿಸಿದೆವು. ಕೊಂಬೆಗಳನ್ನು ಹಗ್ಗದಿಂದ ಬಿಗಿದು, ಹಳೆಯ ಕೋಟು, ಚಾಪೆ, ಡಾಂಬರು ಕಾಗದ ಸುತ್ತಿ, ತುದಿಗೆ ಬಕೆಟ್ ಬೋರಲು ಹಾಕಿದ್ದಾಯಿತು. ನೀವಿದ್ದಾಗ ನಿಮಗೊಬ್ಬರಿಗೇ ಅರ್ಧ ದಿನದ ಕೆಲಸ. ನಮ್ಮಿಬ್ಬರಿಗೆ ಇಡೀ ದಿನವಾಯಿತು, ಜಗಳವೂ ಆಯಿತು. ನಿಮ್ಮ ಕಂದು ಕೋಟನ್ನು ಸುತ್ತೋಣ ಎಂದರೆ ಅಮ್ಮ ಬಿಡಲಿಲ್ಲ. ತನ್ನ ಶಾಲನ್ನೇ ತಂದು ಸುತ್ತಿದಳು. ಈಗ ಸಂಜೆ ಕತ್ತಲಲ್ಲಿ ಹಿತ್ತಲ ಕಡೆ ನೋಡಿದರೆ ಟೋಪಿ ಹಾಕಿಕೊಂಡ ಮುದುಕ ನಿಂತ ಹಾಗೆ ಕಾಣುತ್ತದೆ. ಮೊನ್ನೆ ಅಮ್ಮ ಅದಕ್ಕೆ ಏನೋ ಹೇಳುತ್ತಿದ್ದಳು. ನಾನು ಹಿತ್ತಲಿಗೆ ಬಂದದ್ದು ನೋಡಿ ನನ್ನನ್ನೇ ಬೈದಂತೆ ಮಾಡಿದಳು.

ಹಳಿಗಳು ತುಕ್ಕು ಹಿಡಿದು ಇಟ್ಟಿಗೆ ಬಣ್ಣವಾಗಿವೆ. ನಿಲ್ದಾಣದ ಗಾಜು ಯಾರೋ ಒಡೆದಿದ್ದಾರೆ. ಅಮ್ಮ ವಾರದ ದಿನಗಳಲ್ಲಿ ಪಾಸ್ತಾ ಮಾಡುವುದನ್ನೇ ಬಿಟ್ಟಿದ್ದಾಳೆ. ಸೂಪು, ಬ್ರೆಡ್ಡು, ಸೂಪು, ಬ್ರೆಡ್ಡು. ಅಂಗಿ ಕಾರ್ಖಾನೆಯಲ್ಲಿ ಹತ್ತು ತಾಸು ಹೊಲಿದು ಬಂದ ನನಗೆ ಇದಾ ಊಟ ಎಂದು ಕೇಳಿದೆ. ಯಾವಾಗ ಹಾಕಬೇಕು ಅಂತ ಗೊತ್ತಾಗಲ್ಲ, ಮುದ್ದೆಯಾಗುತ್ತೆ ಎಂದಳು. ಗಡಿಯಾರ ಅವಳ ಮೂಗಿನ ಮುಂದೆಯೇ ಇದೆ.

ಮೂಲೆಯ ಔಷಧಿ ಅಂಗಡಿಯಲ್ಲಿ ಫೋನು ಇದೆ. ನಿಮ್ಮ ಕಡೆಯ ಅಂಗಡಿಯ ನಂಬರು ಕಳಿಸಿ, ಕ್ರಿಸ್ಮಸ್‌ಗೆ ಮಾತಾಡೋಣ. ಇಲ್ಲವೇ ನಾವೇ ಬರುತ್ತೇವೆ.

ನಿಮ್ಮ,
ಎರ್ಸಿಲಿಯಾ

*

ಪಿಟ್ಸ್‌ಟನ್
ಜನವರಿ ೮, ೧೯೩೯

ಮಗಳೇ,

ಬರಬೇಡಿ. ಇಲ್ಲಿ ನೋಡುವಂಥದ್ದು ಏನಿಲ್ಲ, ಹಿಮವೂ ಕಪ್ಪಗಿರುತ್ತದೆ. ಫೋನೂ ಬೇಡ, ಅದರಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ.

ಕಳೆದ ತಿಂಗಳು ಒಳಗೆ ಬಂಡೆಗೆ ಇಟ್ಟ ಮದ್ದು ಹೇಳಿದ್ದಕ್ಕಿಂತ ಮೊದಲೇ ಸಿಡಿಯಿತು. ಯಾರಿಗೂ ಏನೂ ಆಗಲಿಲ್ಲ. ಒಂದು ವಾರ ತಲೆಯೊಳಗೆ ಗಂಟೆ ಹೊಡೆದಂತಿತ್ತು, ಈಗ ಕಡಿಮೆ. ಈ ಊರಿನವರು ಬಾಯಿ ಬಿಟ್ಟು ಮಾತಾಡುವುದೇ ಇಲ್ಲ, ಎಲ್ಲ ಗೊಣಗು. ನುನ್ಸಿಯಾಳೂ ಅದನ್ನೇ ಕಲಿತಿದ್ದಾಳೆ.

ನಿನ್ನ ಅಮ್ಮನಿಗೆ ಒಂದು ಉಣ್ಣೆಯ ಶಾಲು ಕಳಿಸಿದ್ದೇನೆ. ಇದು ಗಿಡಕ್ಕಲ್ಲ.

ಅಪ್ಪ

*

ಬೇಚೆಸ್ಟರ್
ಮೇ ೫, ೧೯೪೦

ಅಪ್ಪ,

ಕೂತುಕೊಂಡು ಓದಿ. ನಮ್ಮ ದಾರಿಯನ್ನು ನಗರಾಡಳಿತದವರು ಕೊಂಡಿದ್ದಾರೆ. ಡೈರ್ ಅವೆನ್ಯೂವರೆಗಿನ ತುಂಡು ಮಾತ್ರ, ಯಾಕೆಂದರೆ ನಗರದ ಎಲ್ಲೆ ಅಲ್ಲಿಗೆ ಮುಗಿಯುತ್ತದಲ್ಲ. ಅದರಾಚೆ ಮೌಂಟ್ ವರ್ನನ್, ನ್ಯೂ ರೋಷೆಲ್, ವೈಟ್ ಪ್ಲೇನ್ಸ್, ನೀವು ಓಡಿಸುತ್ತಿದ್ದ ಆ ಉದ್ದವೆಲ್ಲ ಗುಜರಿಗೆ. ನಮ್ಮ ತುಂಡನ್ನು ನಗರದ ಸಬ್‌ವೇ ರೈಲಿಗೆ ಸೇರಿಸುತ್ತಾರಂತೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು. ಆದರೂ ಹಾಕಿದರಲ್ಲ.

ಇದನ್ನು ಹೇಳಲು ನಿಮ್ಮ ಹಳೆಯ ಕಂಡಕ್ಟರ್ ಹ್ಯಾನ್ರಟಿ ಬಂದಿದ್ದರು. ಅವರಿಗೆ ಈಗ ಸಬ್‌ವೇಯಲ್ಲೇ ಪ್ಲಾಟ್‌ಫಾರಂ ಕೆಲಸ. ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತು, ಚಾಲಕರಿಗೆ ಪರೀಕ್ಷೆ ಇಡುತ್ತಾರೆ, ಡೊನಾಟೊನಷ್ಟು ಆ ದಾರಿ ಬಲ್ಲವರು ಇನ್ನಾರಿದ್ದಾರೆ, ಬರೆದು ತಿಳಿಸಿ ಎಂದರು. ಅಮ್ಮ ಅವರಿಗೆ ಮೂರು ಸಲ ಕಾಫಿ ಸುರಿದಳು. ಅವರು ಹೋದ ಮೇಲೆ, ಸಬ್‌ವೇ ಅಂದ್ರೆ ನೆಲದ ಕೆಳಗೆ ಅಲ್ವೇನೇ, ನಮ್ಮ ಹಳಿ ಮರದೆತ್ತರಕ್ಕಿದೆಯಲ್ಲ ಎಂದಳು. ಹೆಸರಿಗಷ್ಟೇ ಅಮ್ಮ, ಓಡೋದು ಮೇಲೇ ಅಂದೆ. “ಸದ್ಯ. ಮೇಲೆ ಓಡಿದ್ರೇ ಸಿಳ್ಳೆ ಕೇಳ್ಸೋದು,” ಎಂದು ಪಾತ್ರೆ ತೊಳೆಯಲು ಹೋದಳು.

ಎರಡು ವರ್ಷದಲ್ಲಿ ಅವಳು ಸಿಳ್ಳೆ ಎಂಬ ಮಾತು ಆಡಿದ್ದು ಇದೇ ಮೊದಲು. ಅಪ್ಪ, ಬನ್ನಿ.

ಎರ್ಸಿಲಿಯಾ

*

ಪಿಟ್ಸ್‌ಟನ್
ಮೇ ೧೨, ೧೯೪೦

ಮಗಳೇ,

ಕೂತೇ ಓದಿದೆ, ಆಮೇಲೆ ಎದ್ದು ಬೀದಿಯ ತುದಿಯವರೆಗೆ ಹೋಗಿ ಬಂದೆ. ನಾನು ಹೇಳಿರಲಿಲ್ಲವೇ? ಒಳ್ಳೆಯ ದಾರಿ ಸಾಯುವುದಿಲ್ಲ.

ಅರ್ಜಿ ಹಾಕುತ್ತೇನೆ. ಗನ್ ಹಿಲ್ ನಿಲ್ದಾಣ ದಾಟಿದ ಮೇಲೆ ಏರು, ಆಮೇಲೆ ನಮ್ಮ ತಿರುವು, ಅಲ್ಲಿ ವೇಗ ಇಳಿಸಿ ಸಿಳ್ಳೆ. ಗಣಿಯೊಳಗೆ ಕೂತು ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲಿ ಓಡಿಸಿದ್ದೇನೆ. ಪರೀಕ್ಷೆ ನನಗೆ ಲೆಕ್ಕಕ್ಕಿಲ್ಲ. ನಿನ್ನ ಅಮ್ಮನಿಗೆ ಹೇಳು, ದೊಡ್ಡ ಪಾತ್ರೆಗೆ ಕಲಾಯಿ ಹಾಕಿಸಿಟ್ಟಿರಲಿ.

ಹಾಗೆಯೇ ಇನ್ನೊಂದು ಹೇಳು. ಕೆಲಸ ಸಿಕ್ಕ ಮೇಲೆ ಒಮ್ಮೆಯಾದರೂ ನನ್ನ ರೈಲು ಹತ್ತಬೇಕು. ಗಂಡ ಓಡಿಸುವ ಬಂಡಿಯಲ್ಲಿ ಹೆಂಡತಿ ಕೂತರೆ ಅವನ ಕಣ್ಣು ದಾರಿಯ ಮೇಲಿರುವುದಿಲ್ಲ, ಅಪಶಕುನ ಎಂದು ಅವಳ ಊರಿನ ಕತ್ತೆಗಾಡಿಯ ಕಾಲದ ಮಾತು ಹಿಡಿದು ಇಷ್ಟು ವರ್ಷ ದೂರವೇ ಉಳಿದಳು. ಕತ್ತೆ ದಾರಿ ತಪ್ಪಬಹುದು, ರೈಲು ಎಲ್ಲಿಗೆ ತಪ್ಪುತ್ತದೆ?

ನಿನ್ನ ಅಪ್ಪ,
ಡೊನಾಟೊ

*

ಬೇಚೆಸ್ಟರ್
ಅಕ್ಟೋಬರ್ ೨೭, ೧೯೪೦

ಅಪ್ಪ,

ಭಾನುವಾರ ನಿಮ್ಮನ್ನು ಕೇಳದೆಯೇ ಫೋನು ಮಾಡಿದ್ದಕ್ಕೆ ಸಿಟ್ಟಾಗಬೇಡಿ. ನುನ್ಸಿಯಾ ಅವರ ಮನೆಯ ಕೆಳಗಿನ ಅಂಗಡಿಯ ನಂಬರನ್ನು ಹ್ಯಾನ್ರಟಿ ಹುಡುಕಿ ಕೊಟ್ಟಿದ್ದರು. ಅಮ್ಮ ಚರ್ಚಿಗೆ ಹೋಗುವ ಉಡುಪು ಹಾಕಿಕೊಂಡು ಬಂದಿದ್ದಳು, ಫೋನಿಗೆ ಕಣ್ಣಿದೆಯೋ ಎಂಬಂತೆ.

ಹೇಗಿದ್ದೀರಿ ಎಂದು ಅವಳು ಕೇಳಿದರೆ ನೀವು, ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿ, ಅರ್ಜಿ ಹಾಕಿದ್ದೇನೆ ಎಂದಿರಿ. ಕೆಮ್ಮು ಇದೆಯಾ ಎಂದರೆ ಅರ್ಜಿಯ ಮಾತನ್ನೇ ಮುಂದುವರಿಸಿದಿರಿ. ಆಮೇಲೆ ಅವಳು ಏನೋ ಮೆಲ್ಲನೆ ಹೇಳಿದಳು. ನನಗೆ ಕೇಳಬಾರದೆಂದು ಗೋಡೆಯ ಕಡೆ ತಿರುಗಿ ಹೇಳಿದಳು. ಅದಕ್ಕೆ ನೀವು, ಸರಿ, ದುಡ್ಡು ಸುಮ್ಮನೆ ಖರ್ಚಾಗುತ್ತೆ, ಇಡ್ತೀನಿ ಎಂದು ಇಟ್ಟೇಬಿಟ್ಟಿರಿ.

ಮನೆಯವರೆಗೂ ಅವಳು ನನಗಿಂತ ಮುಂದೆ ಮುಂದೆ ನಡೆದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲಮ್ಮ ಎಂದು ನಾನು ಸಿಟ್ಟಿನಿಂದ ಅಂದರೆ, ಎಂದೂ ಕೈಯೆತ್ತದವಳು ನನ್ನ ತಲೆಗೆ ಒಂದು ಮೊಟಕಿದಳು. ಅವಳು ಅಷ್ಟು ಮೆಲ್ಲನೆ ಹೇಳಿದ್ದು ಏನು ಅಂತ ನಿಮಗಾದರೂ ಗೊತ್ತಲ್ಲ, ಅದಕ್ಕೊಂದು ಉತ್ತರ ಬರೆಯಿರಿ.

ಎರ್ಸಿಲಿಯಾ

*

ಪಿಟ್ಸ್‌ಟನ್
ಮಾರ್ಚ್ ೨, ೧೯೪೧

ಮಗಳೇ,

ಬರೆಯಲು ತಡವಾಯಿತು. ಪರೀಕ್ಷೆಯನ್ನು ಮುಂದಕ್ಕೆ ಹಾಕಿದ್ದಾರೆ. ಯಾವಾಗ ಎಂದು ತಿಳಿದಿಲ್ಲ. ಇಲ್ಲಿ ಕೆಲಸ ಹೆಚ್ಚಾಗಿದೆ, ಯುದ್ಧ ಬರುತ್ತದೆಂದು ಎಲ್ಲರಿಗೂ ಕಲ್ಲಿದ್ದಲು ಬೇಕು. ಈ ವಸಂತಕ್ಕೆ ಬರಲಾಗುವುದಿಲ್ಲ. ಪಾತ್ರೆಗೆ ಕಲಾಯಿ ಹಾಕಿಸಿದ್ದರೆ ಇರಲಿ, ಯಾವುದಕ್ಕಾದರೂ ಆಗುತ್ತದೆ.

ಅಂಜೂರದ ಗಿಡ ಜೋಪಾನ.

ಅಪ್ಪ

*

ಬೇಚೆಸ್ಟರ್
ಮೇ ೧೮, ೧೯೪೧

ಅಪ್ಪ,

ಗುರುವಾರ ರೈಲು ಶುರುವಾಯಿತು. ಮೇಲಿನ ತಂತಿ ಹೋಗಿ ಪಕ್ಕದಲ್ಲಿ ವಿದ್ಯುತ್ ಹರಿಯುವ ಮೂರನೆಯ ಹಳಿ ಬಂದಿದೆ. ಗಾಡಿಗಳು ಎಲ್ಲೋ ಓಡಿ ದಣಿದ ಹಳೆಯ ಗಾಡಿಗಳು. ನಿಮ್ಮ ಹಸಿರು ಗಾಡಿಗಳ ಗುಂಡು ಕಿಟಕಿ ಇವಕ್ಕಿಲ್ಲ. ಡೈರ್ ಅವೆನ್ಯೂದಿಂದ ನೂರೆಂಬತ್ತನೆಯ ಬೀದಿಗೆ ಹೋಗಿ ಬರುವುದು, ಅಷ್ಟೇ ಅದರ ಲೋಕ. ಜನ ಮಾತ್ರ ಹಬ್ಬದಂತೆ ಸೇರಿದ್ದರು.

ಸಂಜೆ ಆರಕ್ಕೆ ಅಮ್ಮ ಕಿಟಕಿಯಲ್ಲಿ ನಿಂತಿದ್ದಳು. ರೈಲು ತಿರುವಿನಲ್ಲಿ ಸುಮ್ಮನೆ ಹೋಯಿತು. ಇವನಿಗೆ ಹೆಂಡತಿ ಇಲ್ಲವೇನೋ ಎಂದಳು. ನಗಿಸಲು ಹೇಳಿದ್ದು, ಇಬ್ಬರೂ ನಗಲಿಲ್ಲ.

ಆಮೇಲೆ ಹ್ಯಾನ್ರಟಿ ಬಂದರು. ಡೊನಾಟೊ ಹೇಗಿದ್ದಾನೆ, ಪಾಪ ಎಂದರು. ಪಾಪ ಏಕೆ ಎಂದೆ. ಆಗ ತಿಳಿಯಿತು. ಫೆಬ್ರವರಿಯಲ್ಲಿ ನೀವು ಪರೀಕ್ಷೆಗೆ ಬಂದಿದ್ದಿರಿ. ಇದೇ ನಗರಕ್ಕೆ. ಪರೀಕ್ಷೆಯ ಕಟ್ಟಡದ ಮೆಟ್ಟಿಲಲ್ಲಿ ಅವರು ನಿಮ್ಮನ್ನು ನೋಡಿ ಹಿಂದಿನಿಂದ ಮೂರು ಸಲ ಹೆಸರು ಹಿಡಿದು ಕೂಗಿದರಂತೆ, ನೀವು ತಿರುಗಲಿಲ್ಲ. ಮುಂದೆ ಬಂದು ಭುಜ ಹಿಡಿದಾಗ ಬೆಚ್ಚಿಬಿದ್ದಿರಂತೆ. ಮನೆಯವರಿಗೆ ಹೇಳಬೇಡ ಎಂದು ಕೈ ಮುಗಿದಿರಂತೆ. ಅವರು ಇಷ್ಟು ದಿನ ಹೇಳಿರಲಿಲ್ಲ. ನಮಗೆ ಗೊತ್ತಿದೆ ಎಂದುಕೊಂಡು ಈಗ ಬಾಯಿಬಿಟ್ಟರು.

ನನಗೆ ಎಷ್ಟು ಸಂಕಟವಾಯಿತೆಂದು ಬರೆಯಲಾರೆ. ಕಿವಿ ಹೋದದ್ದಕ್ಕಲ್ಲ ಅಪ್ಪ. ಇಲ್ಲಿಯವರೆಗೆ ಬಂದು ಮನೆಗೆ ಬರದೆ ಹೋದಿರಲ್ಲ, ಅದಕ್ಕೆ. ಅಮ್ಮನ ಮುಂದೆ ಕೂತು ಅತ್ತೆ. ಅವಳು ಅಳಲಿಲ್ಲ. “ನಂಗೆ ಫೋನಿನಲ್ಲೇ ಗೊತ್ತಾಯ್ತು ಕಣೇ. ಅವ್ರಾಗೇ ಹೇಳ್ಲಿ ಅಂತ ಕಾದೆ,” ಎಂದಳು. ಏಳು ತಿಂಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನನಗೆ ಸೂಪು ಬಡಿಸಿದ್ದಾಳೆ. ನೀವಿಬ್ಬರೂ ಒಂದೇ ಕಲ್ಲಿನಿಂದ ಒಡೆದವರು.

ಏನು ಬರೆಯಲಿ ಎಂದು ಕೇಳಿದರೆ, ಬರೀಬೇಡ, ಕಾಗದದಲ್ಲಿ ಹೇಳೋ ಮಾತಲ್ಲ ಎಂದಳು. ಆದ್ದರಿಂದ ಇದು ನನ್ನ ಕಾಗದ ಮಾತ್ರ.

ಎರ್ಸಿಲಿಯಾ

*

ಬೇಚೆಸ್ಟರ್
ಮೇ ೨೮, ೧೯೪೧

ಅಪ್ಪ,

ಈ ಕಾಗದ ನಿಮ್ಮ ಕೈಸೇರುವ ಮೊದಲೇ ಅಮ್ಮ ಸೇರಿದರೂ ಸೇರಬಹುದು. ಅವಳು ಇವತ್ತು ಬೆಳಿಗ್ಗೆ ಹೊರಟಳು. ನನಗೆ ರಜೆ ಕೊಡಲಿಲ್ಲ. ನಿಲ್ದಾಣಕ್ಕೆ ಬಿಟ್ಟು ಬಂದೆ. ನಿಮ್ಮ ದಾರಿಯಲ್ಲಿ ಅವಳು ರೈಲು ಹತ್ತಿದ್ದು ಇದೇ ಮೊದಲು. ಹತ್ತುವಾಗ ಶಿಲುಬೆಯ ಗುರುತು ಮಾಡಿಕೊಂಡಳು. “ಓಡಿಸ್ತಿರೋನು ನನ್ನ ಗಂಡ ಅಲ್ಲ, ದೋಷವಿಲ್ಲ,” ಎಂದು ನನಗೇ ಸಮಾಧಾನ ಹೇಳಿದಳು.

ನೂರೆಂಬತ್ತನೆಯ ಬೀದಿಯಲ್ಲಿ ಇಳಿದು ಬೇರೆ ರೈಲು, ಆಮೇಲೆ ನದಿ ದಾಟುವ ದೋಣಿ, ಆಚೆ ದಡದಲ್ಲಿ ಪಿಟ್ಸ್‌ಟನ್ ರೈಲು. ಓದು ಬಾರದವಳು, ಇಂಗ್ಲಿಷೂ ಅಷ್ಟಕ್ಕಷ್ಟೇ. ನಿಮ್ಮ ಮೊದಲ ಕಾಗದವನ್ನು ಸಂತ ಅಂತೋನಿಯ ಹಿಂದಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದಾಳೆ. ಅದರ ಮೇಲಿನ ಊರ ಹೆಸರು ತೋರಿಸಿಕೊಂಡು ಹೋಗುತ್ತಾಳಂತೆ. ಇನ್ನೊಂದು ಕೈಯಲ್ಲಿ ಕಲಾಯಿ ಹಾಕಿಸಿದ ದೊಡ್ಡ ಪಾತ್ರೆ, ಬಟ್ಟೆಯಲ್ಲಿ ಕಟ್ಟಿದ್ದು. ಅಲ್ಲಿ ಪಾತ್ರೆ ಇರಲ್ವೇನಮ್ಮ ಎಂದೆ. ಅದನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು.

ಮನೆ ತುಂಬ ಖಾಲಿ ಇದೆ. ಆರಾಯಿತು. ರೈಲು ಈಗ ತಾನೆ ಹೋಯಿತು.

ಎರ್ಸಿಲಿಯಾ

*

ಪಿಟ್ಸ್‌ಟನ್
ಜೂನ್ ೧, ೧೯೪೧

ಮಗಳೇ,

ನಿನ್ನ ಅಮ್ಮ ಕ್ಷೇಮವಾಗಿ ತಲುಪಿದಳು. ನೀನು ಅಳಬೇಡ, ಮೊದಲು ಅದನ್ನು ಬರೆಯಬೇಕಿತ್ತು, ಬರೆದೆ.

ಫೆಬ್ರವರಿಯಲ್ಲಿ ನನ್ನನ್ನು ಪರೀಕ್ಷಿಸಿದ ನಗರದ ವೈದ್ಯರು ಒಳ್ಳೆಯವರು. ಕಣ್ಣು ನೋಡಿದರು, ಎದೆ ನೋಡಿದರು, ಚೆನ್ನಾಗಿದೆ ಎಂದರು. ಆಮೇಲೆ ನನ್ನ ಬೆನ್ನ ಹಿಂದೆ ನಿಂತರು. ಪಿಸುಮಾತಿನಲ್ಲಿ ಅಂಕಿಗಳನ್ನು ಹೇಳುತ್ತಾರಂತೆ, ನಾವು ತಿರುಗಿ ಹೇಳಬೇಕಂತೆ. ನಾನು ಅವರು ಶುರು ಮಾಡಲಿ ಎಂದು ಕಾಯುತ್ತ ಕೂತಿದ್ದೆ. ಅವರು ಮುಂದೆ ಬಂದು ನನ್ನ ಭುಜ ತಟ್ಟಿದಾಗ ಮುಗಿದಿತ್ತು. ಅಲ್ಲಿಂದ ಮನೆಗೆ ಬರಬೇಕೆಂದು ಹೊರಟೆ ಮಗಳೇ. ಅರ್ಧ ದಾರಿ ಬಂದೆ. ಬಂದು ಏನು ಹೇಳಲಿ? ಅವಳ ಪ್ರಶ್ನೆಗೆ ಇದ್ದ ಒಂದೇ ಉತ್ತರವೂ ಹೋಗಿತ್ತು. ನಾಚಿಕೆಯಾಯಿತು, ತಿರುಗಿ ಬಂದೆ.

ಬುಧವಾರ ಗಣಿಯಿಂದ ಬಂದು ಹಿತ್ತಲ ನಲ್ಲಿಯಲ್ಲಿ ಮುಖದ ಮಸಿ ತೊಳೆಯುತ್ತಿದ್ದೆ. ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಅವಳ ಬೆನ್ನು. ಮೂರು ವರ್ಷದ ಮೇಲೂ ಆ ಬೆನ್ನನ್ನು ಗುರುತು ಹಿಡಿಯಲು ಕಿವಿ ಬೇಕಿರಲಿಲ್ಲ. ತಿರುಗಿ ನನ್ನನ್ನು ನೋಡಿದಳು. ಹತ್ತಿರ ಬರಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತು ಬಹಳ ಹೊತ್ತು ಏನೋ ಹೇಳಿದಳು. ತುಟಿ ಕಾಣುತ್ತಿರಲಿಲ್ಲ, ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ನುನ್ಸಿಯಾ ಏಪ್ರನ್ನಿನ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದಳು. ಏನಂದಳು ಎಂದು ಕೇಳಿದೆ. ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: “ನಿಂಗೆ ಹೇಳಿದ್ದು ಕಣಪ್ಪ, ನಂಗಲ್ಲ. ನಾನ್ಯಾಕೆ ಹೇಳ್ಲಿ?”

ನಲ್ಲಿಯ ಹತ್ತಿರವೇ ನಿಂತೆ. ಕಿಟಕಿಯಲ್ಲಿ ಅವಳು ಕಾಣುತ್ತಿದ್ದಳು. ನಮ್ಮ ಪಾತ್ರೆ ಒಲೆಯ ಮೇಲಿತ್ತು, ಆವಿ ಏಳುತ್ತಿತ್ತು. ಪಾಸ್ತಾ ಕೈಯಲ್ಲಿ ಹಿಡಿದಿದ್ದಳು, ಹಾಕುತ್ತಿರಲಿಲ್ಲ. ನೀರು ಉಕ್ಕಿ ಒಲೆಯ ಮೇಲೆ ಚೆಲ್ಲುತ್ತಿತ್ತು, ಆದರೂ ಹಾಕಲಿಲ್ಲ, ತಿರುಗಿಯೂ ನೋಡಲಿಲ್ಲ. ಇವಳಿಗೇನಾಯಿತು ಎಂದುಕೊಂಡೆ. ಆಮೇಲೆ ನನಗೆ ಹೊಳೆಯಿತು.

ಎರಡು ಬೆರಳು ಬಾಯಿಗಿಟ್ಟು ಎರಡು ಸಿಳ್ಳೆ ಹಾಕಿದೆ. ಬಂತೋ ಇಲ್ಲವೋ ನನಗೆ ತಿಳಿಯದು, ನನ್ನ ತಲೆಯೊಳಗೆ ಬರೀ ಗಾಳಿ. ಅವಳು ಪಾಸ್ತಾ ಹಾಕಿದಳು.

ಶನಿವಾರ ಹೊರಡುತ್ತೇವೆ. ನೂರೆಂಬತ್ತನೆಯ ಬೀದಿಯಲ್ಲಿ ಬದಲಾಯಿಸಬೇಕೆಂದು ನನಗೇ ದಾರಿ ಹೇಳಿಕೊಡುತ್ತಿದ್ದಾಳೆ, ಕೈಸನ್ನೆಯಲ್ಲಿ. ಮೊದಲ ಗಾಡಿಯಲ್ಲಿ, ಹಳಿ ಕಾಣುವ ಕಡೆ, ಇಬ್ಬರೂ ಒಟ್ಟಿಗೆ ಕೂರಬೇಕಂತೆ.

ನಿನ್ನ ಅಪ್ಪ,
ಡೊನಾಟೊ